ನಿಜ ಮನುಷ್ಯರಂತೆಯೇ ಇರುವ ಶಿಲ್ಪಗಳು: ಹೇಗೆ ಮಾಡುತ್ತಾರೆ?

ಶಿಲ್ಪ ಎಂದರೆ ನನಗೆ ನೆನಪಾಗುತ್ತಿದ್ದುದು ಬೇಲೂರು, ಹಳೇಬೀಡಿನ ಕಲ್ಲಿನ ಕೆತ್ತನೆ, ಇಲ್ಲವೇ ವೃತ್ತದಲ್ಲಿ ನಿಂತಿರುವ ನಾಯಕರ ಪ್ರತಿಮೆ. ಅಮೆರಿಕದ ಶಿಲ್ಪಿ ಡ್ವೇನ್ ಹ್ಯಾನ್ಸನ್ (1925–1996) ಅವರ ಕೃತಿಗಳ ಚಿತ್ರ ನೋಡಿದಾಗ ಮೊದಲು ಅವು ಶಿಲ್ಪಗಳೆಂದೇ ತಿಳಿಯಲಿಲ್ಲ. 1970ರ ಒಂದು ಕೃತಿಯಲ್ಲಿ ತಲೆಗೂದಲಿಗೆ ಕರ್ಲರ್ ಸುತ್ತಿಕೊಂಡ ಹೆಂಗಸೊಬ್ಬಳು ಸಾಮಾನು ತುಂಬಿದ ಟ್ರಾಲಿ ತಳ್ಳುತ್ತಿದ್ದಾಳೆ. ರಾಜನಲ್ಲ, ವೀರನಲ್ಲ, ದಿನವೂ ಅಂಗಡಿಯಲ್ಲಿ ಕಾಣುವ ಸಾಮಾನ್ಯ ವ್ಯಕ್ತಿ. ಈ ಬಗೆಯ ಕಲೆಯನ್ನು ಹೈಪರ್‌ರಿಯಲಿಸಂ ಎನ್ನುತ್ತಾರೆ.

ಇದನ್ನು ಮಾಡುವ ಕ್ರಮ ಹೀಗಿದೆ.

1. ಅಚ್ಚು: ಹ್ಯಾನ್ಸನ್ ಜೀವಂತ ವ್ಯಕ್ತಿಗಳ ಮೈಯಿಂದಲೇ ಅಚ್ಚು ತೆಗೆಯುತ್ತಿದ್ದರು. ರೋಮ ಅಂಟದಂತೆ ಚರ್ಮಕ್ಕೆ ಜಿಡ್ಡು ಸವರಿ, ಕೈ, ಕಾಲು, ಮುಖ ಎಂದು ಭಾಗ ಭಾಗವಾಗಿ ಪ್ಲಾಸ್ಟರ್ ಅಥವಾ ಸಿಲಿಕೋನ್ ರಬ್ಬರ್ ಬಳಿಯಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನೊಂದಿಗೆ ಸೇರಿ ಜಿಪ್ಸಮ್ ಆಗುವಾಗ ಶಾಖ ಬಿಡುತ್ತದೆ ಎಂದು ನಾವು ರಸಾಯನಶಾಸ್ತ್ರದಲ್ಲಿ ಓದಿದ್ದೇವೆ. ಆ ಬಿಸಿಯನ್ನು ತಾಳಿಕೊಂಡು ಅಲುಗಾಡದೆ ಇರುವುದು ರೂಪದರ್ಶಿಯ ಕಷ್ಟ.

2. ಎರಕ: ಅಚ್ಚಿನ ಒಳಗೆ ಪಾಲಿಯೆಸ್ಟರ್ ರೆಸಿನ್ ಮತ್ತು ಫೈಬರ್‌ಗ್ಲಾಸನ್ನು ಪದರ ಪದರವಾಗಿ ಹಾಕುತ್ತಾರೆ. ನಮ್ಮ ಕರಾವಳಿಯ ಮೀನುಗಾರಿಕೆ ದೋಣಿಗಳಿಗೂ ಬಳಸುವುದು ಇದನ್ನೇ. ಗಟ್ಟಿಯಾದ ಮೇಲೆ ಸಿಗುವ ಭಾಗಗಳು ಒಳಗೆ ಟೊಳ್ಳು, ತೂಕದಲ್ಲಿ ಹಗುರ. ಅವನ್ನು ಜೋಡಿಸಿ, ಸೇರಿಸಿದ ಗೆರೆ ಕಾಣದಂತೆ ಉಜ್ಜುತ್ತಾರೆ. ಮುಂದೆ ಹ್ಯಾನ್ಸನ್ ಕಂಚಿನಲ್ಲೂ ಎರಕ ಹೊಯ್ದರು.

3. ಬಣ್ಣ: ಹೆಚ್ಚು ತಾಳ್ಮೆ ಬೇಡುವ ಹಂತ ಇದು. ನಿಮ್ಮ ಕೈಯನ್ನೇ ನೋಡಿಕೊಳ್ಳಿ, ಚರ್ಮಕ್ಕೆ ಒಂದೇ ಬಣ್ಣವಿಲ್ಲ. ಗೆಣ್ಣಿನ ಬಳಿ ಕಪ್ಪು, ಅಂಗೈಯಲ್ಲಿ ಕೆಂಪು, ನರದ ಮೇಲೆ ನೀಲಿ. ಇಷ್ಟನ್ನೂ ಎಣ್ಣೆ ಬಣ್ಣದಲ್ಲಿ ತೆಳುವಾಗಿ ತರಬೇಕು.

4. ಕೂದಲು, ಬಟ್ಟೆ: ಕೂದಲನ್ನು ಎಳೆ ಎಳೆಯಾಗಿ ಕೂರಿಸುತ್ತಾರೆ. ಬಟ್ಟೆ ಮಾತ್ರ ನಿಜವಾದದ್ದು, ಅದೂ ಉಟ್ಟು ಹಳೆಯದಾದದ್ದು. ಹೊಸ ಬಟ್ಟೆ ತೊಡಿಸಿದರೆ ಅಂಗಡಿಯ ಬೊಂಬೆಯಾಗಿಬಿಡುತ್ತದೆ.

ಎಲ್ಲರೂ ಮೈಯಿಂದ ಅಚ್ಚು ತೆಗೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಾನ್ ಮ್ಯೂಕ್ ಮೊದಲು ಜೇಡಿಮಣ್ಣಿನಲ್ಲಿ ರೂಪಿಸಿ, ಅದರಿಂದ ಅಚ್ಚು ತೆಗೆಯುತ್ತಾರೆ. ಹಾಗಾಗಿ ಅಳತೆಯನ್ನು ಬೇಕಾದಂತೆ ಬದಲಿಸಬಹುದು. 1997ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ, ತೀರಿಕೊಂಡ ತಮ್ಮ ತಂದೆಯ ಶಿಲ್ಪವನ್ನು ಅವರು ನಿಜದ ಅಳತೆಗಿಂತ ಚಿಕ್ಕದಾಗಿಯೇ ಮಾಡಿದ್ದರು.

ಹ್ಯಾನ್ಸನ್ ಅವರ ಕೃತಿಗಳಲ್ಲಿ ನನ್ನನ್ನು ಕಾಡಿದ್ದು 1988ರ 'ಕ್ವೀನಿ 2'. ಸ್ವಚ್ಛತಾ ಕೆಲಸದ ಮಹಿಳೆಯೊಬ್ಬಳು ಕಸದ ಡಬ್ಬಿಯ ಗಾಡಿ ಹಿಡಿದು ನಿಂತಿದ್ದಾಳೆ. ಜನ ಹತ್ತಿರ ಹೋಗಿ ಅವಳ ಉಗುರು, ಕಣ್ಣಿನ ಆಯಾಸವನ್ನೆಲ್ಲ ನೋಡುತ್ತಾರೆ. ಅದೇ ಗ್ಯಾಲರಿಯನ್ನು ಗುಡಿಸುವವರನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ?

ಈ ಪ್ರಶ್ನೆ ಬರೆದ ಮೇಲೆ ನನಗೇ ನಾಚಿಕೆಯಾಯಿತು. ಪ್ರಥಮ ಪಿಯುಸಿಯಿಂದ ನಮ್ಮ ತರಗತಿಯನ್ನು ಗುಡಿಸುತ್ತಿರುವ ಅಕ್ಕನ ಹೆಸರು ನನಗೆ ಗೊತ್ತಿರಲಿಲ್ಲ. ಮರುದಿನ ಬೇಗ ಬಂದು, ಸಲಾಂ ಹೇಳಿ ಕೇಳಿದೆ. ಅವರು ಪೊರಕೆ ನಿಲ್ಲಿಸಿ ನಕ್ಕರು: "ಎರಡು ವರ್ಷ ಆಯ್ತಲ್ಲಮ್ಮಾ, ಈಗ ಕೇಳ್ತಿದೀಯಾ?"

ಹೆಸರು ಹೇಳಿದರು. ಇಲ್ಲಿ ಬರೆಯುವುದಿಲ್ಲ. ನೀವೂ ಹೋಗಿ ಕೇಳಿ.