ಬಚ್ಚಲಿಗೆ ಸೌದೆ ಒಲೆಯೋ, ಗ್ಯಾಸ್ ಗೀಸರೋ?

ಮಲೆನಾಡಿನಲ್ಲಿ ಹೊಸ ಮನೆ ಕಟ್ಟುವವರು ಅಡುಗೆಮನೆಯ ಗ್ರಾನೈಟಿಗೆ ಕೊಡುವ ಗಮನದಲ್ಲಿ ಅರ್ಧವನ್ನೂ ಬಚ್ಚಲಿಗೆ ಕೊಡುವುದಿಲ್ಲ. ಟೈಲ್ಸ್ ಕೂತ ಮೇಲೆ ಬಿಸಿನೀರಿನ ಮಾತು ಬರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲದ ಊರಿನಲ್ಲಿ ಸೋಲಾರನ್ನೇ ನಂಬಿ ಕೂರುವಂತಿಲ್ಲ. ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ. ಕೊನೆಗೆ ಉಳಿಯುವುದು ಸೌದೆ ಮತ್ತು ಗ್ಯಾಸ್. ಎರಡರಲ್ಲಿ ಯಾವುದೆಂದು ಮನೆಯ ನಕ್ಷೆ ಹಾಕುವಾಗಲೇ ತೀರ್ಮಾನಿಸಿ. ಏಕೆಂದರೆ ಇಲ್ಲಿ ಮುಖ್ಯ ಪ್ರಶ್ನೆ ಖರ್ಚಿನದಲ್ಲ. ಉರಿದದ್ದರ ಹೊಗೆ, ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದು.

ಮೊದಲು ನಿಮ್ಮ ಸೌದೆಯ ಲೆಕ್ಕ ಹಾಕಿ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಕಾಫಿ ಗಿಡ ಸವರಿದ ರೆಂಬೆ, ಬಿದ್ದ ಸಿಲ್ವರ್ ಓಕ್ ಇವೆಲ್ಲ ಸ್ವಂತ ತೋಟದಲ್ಲೇ ಸಿಗುವುದಾದರೆ ಸೌದೆ ಒಲೆ ನಿಮಗೆ ಹೇಳಿ ಮಾಡಿಸಿದ್ದು. ಆದರೆ ಸಿಗುವುದಷ್ಟೇ ಸಾಲದು, ಒಣಗಿರಬೇಕು. ಹಸಿ ಕಟ್ಟಿಗೆಯ ಶಾಖದಲ್ಲಿ ದೊಡ್ಡ ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಮಿಕ್ಕಿದ್ದು ಹೊಗೆ, ಆ ಹೊಗೆಯ ಜಿಗುಟು ಕೊಳವೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಡಿದು ಸೀಳಿ, ಮಳೆಗೆ ಮೊದಲೇ ಸೂರಿನಡಿ ಪೇರಿಸಿಡುವಷ್ಟು ಜಾಗವೂ ಆಳೂ ನಿಮಗಿದೆಯೇ? ಇಲ್ಲವಾದರೆ ಸೌದೆಯ ಆಸೆ ಬಿಡುವುದೇ ಒಳ್ಳೆಯದು. ದುಡ್ಡು ಕೊಟ್ಟು ಹಸಿ ಸೌದೆ ತಂದು ಉರಿಸುವವರಿಗೆ ಹಣವೂ ಉಳಿಯುವುದಿಲ್ಲ, ಕಣ್ಣುರಿಯೂ ತಪ್ಪುವುದಿಲ್ಲ.

ಸೌದೆಯೇ ಆಗಲಿ ಎನ್ನುವವರು ಹಳೆಯ ಮನೆಗಳ ಬಚ್ಚಲನ್ನು ಒಮ್ಮೆ ನೋಡಿ ಬರಬೇಕು. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ, ನಡುವೆ ಗೋಡೆ. ಸ್ನಾನ ಮಾಡುವವರಿಗೂ ಬೆಂಕಿಗೂ ಸಂಬಂಧವೇ ಇರದಂಥ ಈ ವ್ಯವಸ್ಥೆಯನ್ನು ಹೊಸ ಮನೆಯಲ್ಲೂ ಕೈಬಿಡಬೇಡಿ. ಹೊಗೆಕೊಳವೆ ಮಾಡಿನಿಂದ ಕನಿಷ್ಠ ಮೂರು ಅಡಿ ಮೇಲೇಳಲಿ, ಅದರ ತುದಿಗೆ ಮಳೆನೀರು ಇಳಿಯದಂತೆ ಟೋಪಿ ಇರಲಿ. ವರ್ಷಕ್ಕೊಮ್ಮೆಯಾದರೂ ಮಸಿ ತೆಗೆಸಿ. ಒಲೆ ಕಟ್ಟಿಸುವಾಗ ಸುಧಾರಿತ ಮಾದರಿಯನ್ನೇ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಮುಚ್ಚಿದ ಒಲೆಗೂಡು, ಅಡಿಯಲ್ಲಿ ಗಾಳಿಯಾಡುವ ಜಾಲರಿ, ಹೊಗೆಗೆ ಪ್ರತ್ಯೇಕ ದಾರಿ ಇದ್ದರೆ ಕಡಿಮೆ ಸೌದೆಯಲ್ಲಿ ನೀರು ಕಾಯುತ್ತದೆ.

ಹಂಡೆಯ ಬದಲು ನಲ್ಲಿ ಜೋಡಿಸಿದ ಮುಚ್ಚಿದ ಬಾಯ್ಲರ್ ಇಡುವುದಾದರೆ ಒಂದು ಎಚ್ಚರ. ಆವಿ ಹೊರಹೋಗಲು ತೆರೆದ ಕೊಳವೆ ಇರಲೇಬೇಕು, ಅದಕ್ಕೆ ವಾಲ್ವ್ ಹಾಕಿಸಬಾರದು. ದಾರಿ ಮುಚ್ಚಿದ ಬಾಯ್ಲರ್ ಒತ್ತಡ ತಾಳದೆ ಸಿಡಿಯಬಹುದು. ನೀರು ತುಂಬಿದೆಯೆಂದು ಖಾತ್ರಿಯಾದ ಮೇಲಷ್ಟೇ ಬೆಂಕಿ ಹಾಕಿ.

ಮನೆಯಲ್ಲಿ ಉಬ್ಬಸದವರಿದ್ದರೆ, ವಯಸ್ಸಾದ ಇಬ್ಬರೇ ಇದ್ದರೆ, ಅಥವಾ ಪಟ್ಟಣದಲ್ಲಿ ಪಕ್ಕದ ಮನೆಯ ಕಿಟಕಿ ನಿಮ್ಮ ಹೊಗೆಕೊಳವೆಗೆ ತಾಗಿಕೊಂಡಿದ್ದರೆ ಗ್ಯಾಸೇ ಸರಿ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಕಿಡಿ ಹೊತ್ತಲು ಸಾಮಾನ್ಯವಾಗಿ ಟಾರ್ಚಿನ ಸೆಲ್ ಸಾಕಾಗುವುದರಿಂದ ಕರೆಂಟ್ ಹೋದರೂ ತೊಂದರೆಯಿಲ್ಲ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 45 ಗ್ರಾಂ ಗ್ಯಾಸ್ ಬೇಕಾಗುತ್ತದೆ. ಈ ಲೆಕ್ಕದಲ್ಲಿ, ನಾಲ್ಕು ಜನ ದಿನಕ್ಕೆ ಒಂದೊಂದು ಬಕೆಟ್ ಬಳಸಿದರೆ 14.2 ಕಿಲೋದ ಸಿಲಿಂಡರ್ ಹತ್ತಿರಹತ್ತಿರ ಎರಡೂವರೆ ತಿಂಗಳು ಬರುತ್ತದೆ. ಮಲೆನಾಡಿಗರ ಧಾರಾಳ ಸ್ನಾನಕ್ಕೆ ಅದರಲ್ಲಿ ಅರ್ಧಕ್ಕೆ ಇಳಿಸಿ ನೋಡಿ. ಕೊಳ್ಳುವ ಮುಂಚೆ ಟ್ಯಾಂಕಿನ ಎತ್ತರ ಸಾಕೇ ಎಂದು ಕೇಳಿ. ನೀರಿನ ಒತ್ತಡ ಕಡಿಮೆಯಿದ್ದರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ.

ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಯಾವ ಕಾರಣಕ್ಕೂ ಹಾಕಿಸಬೇಡಿ. ಪ್ಲಂಬರ್ ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂದರೂ ಒಪ್ಪಬೇಡಿ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಜ್ವಾಲೆ ಆಮ್ಲಜನಕವನ್ನು ತಿನ್ನುತ್ತದೆ, ಅದು ಕಡಿಮೆಯಾದಂತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರಬಹುದು. ಕೂಗುವ ಮೊದಲೇ ಪ್ರಜ್ಞೆ ತಪ್ಪಿಬಿಡುವುದೂ ಉಂಟು. ಸ್ನಾನಕ್ಕೆ ಹೋದ ಮಕ್ಕಳು, ತಾಯಂದಿರು ಹೀಗೆ ಜೀವ ಕಳೆದುಕೊಂಡ ಸುದ್ದಿ ಈ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇದು ಪೂರ್ತಿ ತಪ್ಪಿಸಬಹುದಾದ ಸಾವು.

ಗೀಸರ್ ಹೊರಗಿನ ಗೋಡೆಯಲ್ಲಿರಲಿ, ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ. ಬಚ್ಚಲ ಕಿಟಕಿಯ ಕೆಳಗೇ ತೂಗುಹಾಕಿದರೆ ಉರಿದ ಅನಿಲ ಒಳಕ್ಕೇ ಬರುತ್ತದೆ, ಆದ್ದರಿಂದ ದೂರವಿಡಿ. ಐಎಸ್‌ಐ ಗುರುತು ಮತ್ತು ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸೆನ್ಸರ್ ಇರುವುದನ್ನೇ ಕೊಳ್ಳಿ, ಹಾಗಿದ್ದರೂ ಅದನ್ನು ಒಳಗಿಡಬೇಡಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೆಲಕ್ಕೆ ಇಳಿಯುತ್ತದೆ. ಸಿಲಿಂಡರ್ ಇರುವ ಜಾಗದಲ್ಲಿ ಗೋಡೆಯ ಬುಡಕ್ಕೆ ಕಂಡಿ ಬಿಡಿಸಿ. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗಿನ ತಾಮ್ರದ ಸುರುಳಿ ಕಟ್ಟಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ತೊಳೆಸಬೇಕು.

ತೋಟವೂ ಜನವೂ ಇರುವ ಮನೆಗೆ ನನ್ನ ಮತ ಸೌದೆ ಒಲೆಗೆ. ಒಮ್ಮೆ ಉರಿ ಹಾಕಿದರೆ ಬೆಳಗಿನ ಸ್ನಾನವೆಲ್ಲ ಮುಗಿಯುತ್ತದೆ, ಬೂದಿ ತೆಂಗು ಅಡಿಕೆಯ ಬುಡಕ್ಕೆ ಪೊಟ್ಯಾಷ್ ಆಗುತ್ತದೆ. ಉಳಿದವರಿಗೆ ಹೊರಗೋಡೆಯ ಗ್ಯಾಸ್. ಈಗಾಗಲೇ ಬಚ್ಚಲೊಳಗೆ ಗೀಸರ್ ಇದ್ದರೆ ಈ ವಾರವೇ ಹೊರಕ್ಕೆ ಹಾಕಿಸಿ, ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಸ್ನಾನ ಮಾಡಿ. ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906. ಮನೆಯ ಎಲ್ಲರಿಗೂ ಕಾಣುವಂತೆ ಬರೆದಿಡಿ.