ದೋಣಿಯ ಎಂಜಿನ್‌ಗೆ ಪವರ್ ಹೆಚ್ಚಿಸುವ ಮುಂಚೆ

ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ



ನಮ್ಮ ಸಂಘಗಳಿಗೆ ಸಾಲದ ಅರ್ಜಿಗಳು ಬಗೆಬಗೆಯಾಗಿ ಬರುತ್ತವೆ. ಮಗಳ ಕಾಲೇಜು ಫೀಸು, ಮನೆಯ ಮಾಡು ರಿಪೇರಿ, ಒಣಮೀನಿನ ವ್ಯಾಪಾರ. ಕಡಲ ಬದಿಯ ಸಂಘಗಳಲ್ಲಿ ಇನ್ನೊಂದು ಅರ್ಜಿಯೂ ಇರುತ್ತದೆ: "ದೋಣಿಯ ಎಂಜಿನ್‌ಗೆ ಪವರ್ ಸಾಲುವುದಿಲ್ಲ, ಹೆಚ್ಚು ಮಾಡಬೇಕು." ಈ ಮಾತು ಹುಟ್ಟುವುದು ಬಂದರಿನಲ್ಲಿ, ಗಂಡಸರ ನಡುವೆ. ಆದರೆ ಸಾಲದ ಪುಸ್ತಕದಲ್ಲಿ ಸಹಿ ಬೀಳುವುದು ಹೆಂಗಸಿನದು. ಕಂತು ತಪ್ಪಿದರೆ ತಲೆ ತಗ್ಗಿಸಿ ಕೂರಬೇಕಾದವಳೂ ಅವಳೇ.

"ಎಂಜಿನ್ ವಿಷಯ ನಮಗೆ ಹೆಂಗಸರಿಗೆ ಏನು ಗೊತ್ತಾಗ್ತದೆ ಸಿಸ್ಟರ್?" ಎಂದು ಕೇಳುವವರು ಇದ್ದಾರೆ. ಒಲೆ ಉರಿಸಲು ಗೊತ್ತಿದ್ದರೆ ಎಂಜಿನ್ ಅರ್ಥ ಮಾಡಿಕೊಳ್ಳಲು ಬೇಕಾದ ಅರ್ಧ ತಿಳುವಳಿಕೆ ನಿಮ್ಮಲ್ಲಿ ಆಗಲೇ ಇದೆ. ಉಳಿದರ್ಧವನ್ನು ಈ ಪಾಠದಲ್ಲಿ ನೋಡೋಣ.

ಒಲೆ ಮತ್ತು ಊದುಗೊಳವೆ

ಒಲೆಯಲ್ಲಿ ಸೌದೆ ಎಷ್ಟು ತುಂಬಿದರೂ ಗಾಳಿ ಇಲ್ಲದಿದ್ದರೆ ಬರೀ ಹೊಗೆ. ಊದುಗೊಳವೆಯಲ್ಲಿ ಊದಿದ ಕೂಡಲೇ ಬೆಂಕಿ ಭಗ್ಗೆಂದು ಏಳುತ್ತದೆ. ಎಂಜಿನ್ ಕೂಡ ಹಾಗೆಯೇ. ಅದರೊಳಗೆ ಎಣ್ಣೆ ಉರಿಯಲು ಗಾಳಿ ಬೇಕು. ಎಷ್ಟು ಗಾಳಿ ಒಳಗೆ ಹೋಗುತ್ತದೋ ಅಷ್ಟೇ ಎಣ್ಣೆ ಸರಿಯಾಗಿ ಉರಿಯುತ್ತದೆ, ಅಷ್ಟೇ ಶಕ್ತಿ ಸಿಗುತ್ತದೆ.

ಹಾಗಾದರೆ ಶಕ್ತಿ ಹೆಚ್ಚಿಸಲು ದಾರಿ ಎರಡು. ಒಂದು, ದೊಡ್ಡ ಎಂಜಿನ್ ತರುವುದು. ಇನ್ನೊಂದು, ಎಂಜಿನ್‌ಗೆ ಊದುಗೊಳವೆ ಇಟ್ಟು ಗಾಳಿಯನ್ನು ಒತ್ತಿ ತುಂಬುವುದು. ಈ ಊದುಗೊಳವೆಯನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸಿದರೆ ಅದಕ್ಕೆ ಸೂಪರ್‌ಚಾರ್ಜರ್ ಎನ್ನುತ್ತಾರೆ. ಹೊಗೆ ಹೊರಗೆ ಹೋಗುವ ರಭಸದಿಂದ ತಿರುಗಿದರೆ ಅದು ಟರ್ಬೊ. ಅಮೆರಿಕದಲ್ಲಿ ಮೋಜಿಗಾಗಿ ಓಡಿಸುವ ಸ್ಪೀಡ್ ಬೋಟುಗಳಲ್ಲಿ 7.4 ಲೀಟರ್, 8.2 ಲೀಟರ್ ಗಾತ್ರದ, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗಳಿವೆ. ಇವನ್ನು ಬಿಗ್ ಬ್ಲಾಕ್ ಎನ್ನುತ್ತಾರೆ. ಸೂಪರ್‌ಚಾರ್ಜರ್ ಕೂರಿಸುವುದು ಹೆಚ್ಚಾಗಿ ಇಂಥವಕ್ಕೆ. ನಮ್ಮ ಟ್ರಾಲ್ ಬೋಟುಗಳ ಡೀಸೆಲ್ ಎಂಜಿನ್‌ಗಳಲ್ಲಿ ಕಾಣುವುದು ಟರ್ಬೊ. ಎರಡಕ್ಕೂ ನಿಯಮ ಒಂದೇ: ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಕಾವು ಹೆಚ್ಚು. ಆ ಕಾವನ್ನು ತಾಳುವ ಪಾತ್ರೆ ನಮ್ಮಲ್ಲಿದೆಯೇ ಎಂಬುದೇ ಮೊದಲ ಪ್ರಶ್ನೆ.

ದೋಣಿಗೆ ಇಳಿಜಾರು ಇಲ್ಲ

"ಕಾರಿಗೆ ಹಾಕ್ತಾರೆ, ದೋಣಿಗೆ ಹಾಕಿದರೆ ಏನು?" ಎಂದು ಹೇಳುವವರಿದ್ದಾರೆ. ವ್ಯತ್ಯಾಸ ತುಂಬಾ ಇದೆ. ಕಾರು ಸಮತಟ್ಟು ರಸ್ತೆಯಲ್ಲಿ ಹೋಗುವಾಗ ತನ್ನ ಶಕ್ತಿಯ ಸ್ವಲ್ಪ ಪಾಲನ್ನು ಮಾತ್ರ ಬಳಸುತ್ತದೆ. ಇಳಿಜಾರು ಸಿಕ್ಕಿದರೆ ಎಂಜಿನ್‌ಗೆ ವಿಶ್ರಾಂತಿ. ದೋಣಿಗೆ ಹಾಗಿಲ್ಲ. ನೀರನ್ನು ಸೀಳಿಕೊಂಡೇ ಹೋಗಬೇಕು. ಲೋಡು ತುಂಬಿದ ಲಾರಿ ಬೆಳಗ್ಗಿನಿಂದ ಸಂಜೆಯ ತನಕ ಶಿರಾಡಿ ಘಾಟಿ ಹತ್ತುತ್ತಲೇ ಇದ್ದರೆ ಹೇಗೋ, ದೋಣಿಯ ಎಂಜಿನ್ ಪಾಡು ಹಾಗೆ. ಆದ್ದರಿಂದ ರಸ್ತೆಯಲ್ಲಿ ತಾಳಿದ ಸಾಮಾನು ಕಡಲಲ್ಲಿ ತಾಳುತ್ತದೆ ಎಂದು ನಂಬಬಾರದು.

ಎಂಜಿನ್ ಒಳಗೆ ನೋಡಬೇಕಾದ್ದು

ಗಾಳಿ ಒತ್ತಿ ತುಂಬುವ ಎಂಜಿನ್ ಆದರೆ ಮೆಕ್ಯಾನಿಕ್ ಈ ಐದು ವಿಷಯಗಳಿಗೆ ಉತ್ತರ ಕೊಡಬೇಕು.

1. ಎಂಜಿನ್ ಆರೋಗ್ಯ: ಕಂಪ್ರೆಶನ್ ಟೆಸ್ಟ್ ಮಾಡಿ ಎಲ್ಲ ಸಿಲಿಂಡರ್‌ಗಳೂ ಹೆಚ್ಚು ಕಡಿಮೆ ಒಂದೇ ಸಮ ಇವೆಯೇ ನೋಡಬೇಕು. ಸವೆದ ಎಂಜಿನ್‌ಗೆ ಗಾಳಿ ತುಂಬುವುದೆಂದರೆ ಬಿರುಕು ಬಿಟ್ಟ ಮಡಕೆಯನ್ನು ದೊಡ್ಡ ಉರಿಗೆ ಇಟ್ಟಂತೆ.

2. ಎಣ್ಣೆಯ ಅಳತೆ: ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಿದ್ದರೆ ಒಳಗೆ ಕಾವು ಮಿತಿಮೀರುತ್ತದೆ. ಟಕಟಕ ಎಂದು ಬಡಿದ ಶಬ್ದ ಬರುತ್ತದೆ. ಅದನ್ನು ಅಲಕ್ಷ್ಯ ಮಾಡಿದರೆ ಪಿಸ್ಟನ್ ಕರಗಿ ತೂತು ಬೀಳಬಹುದು. ಡೀಸೆಲ್‌ನಲ್ಲಿ ಇದಕ್ಕೆ ವಿರುದ್ಧ: ಗಾಳಿಗೆ ಮೀರಿ ಡೀಸೆಲ್ ಬಿದ್ದರೆ ಕಪ್ಪು ಹೊಗೆ, ಜೊತೆಗೆ ವಿಪರೀತ ಕಾವು. ಕಪ್ಪು ಹೊಗೆ ಶಕ್ತಿಯ ಗುರುತಲ್ಲ, ಸುಟ್ಟು ಹೋಗುತ್ತಿರುವ ಹಣದ ಗುರುತು.

3. ತಂಪು: ಸೈಕಲ್ ಪಂಪು ಹೊಡೆಯುವಾಗ ಕೆಳಗೆ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು, ಎಂಜಿನ್ ತಣಿಸಲು ನೀರಿನ ಪಂಪು ಸಮರ್ಥವಾಗಿರಬೇಕು. ಉಪ್ಪುನೀರು ಓಡುವ ದಾರಿಯಲ್ಲಿ ಉಪ್ಪು, ಮರಳು, ಚಿಪ್ಪು ಕಟ್ಟಿಕೊಳ್ಳದಂತೆ ಕಾಲಕಾಲಕ್ಕೆ ಶುಚಿ ಮಾಡಬೇಕು.

4. ಆಯಿಲ್: ಟರ್ಬೊ ತಿರುಗುವುದು ಎಂಜಿನ್ ಆಯಿಲ್‌ನ ಆಸರೆಯಲ್ಲಿ. ಆಯಿಲ್ ಹೊತ್ತಿಗೆ ಬದಲಿಸಬೇಕು. ದೂರದಿಂದ ಓಡಿಬಂದ ಬೋಟನ್ನು ದಕ್ಕೆಗೆ ತಾಗಿಸಿದ ಕೂಡಲೇ ಎಂಜಿನ್ ಆಫ್ ಮಾಡಬಾರದು. ಎರಡು ಮೂರು ನಿಮಿಷ ನಿಧಾನ ಓಡಲು ಬಿಟ್ಟು ನಂತರ ನಿಲ್ಲಿಸಬೇಕು.

5. ಗೇರ್, ಶಾಫ್ಟ್, ಪ್ರೊಪೆಲ್ಲರ್: ಎಂಜಿನ್ ಒಂದನ್ನೇ ಬಲಪಡಿಸಿದರೆ ಸಾಲದು. ಆ ಬಲ ನೀರಿಗೆ ತಲುಪುವ ದಾರಿಯಲ್ಲಿರುವ ಪ್ರತಿಯೊಂದೂ ತಡೆಯಬೇಕು. ಪ್ರೊಪೆಲ್ಲರ್ ಅಳತೆ ಹೊಂದದಿದ್ದರೆ ಹೊಸ ಶಕ್ತಿ ಪೂರ್ತಿ ವ್ಯರ್ಥ.

ಪೆಟ್ರೋಲ್ ಎಂಜಿನ್ ದೋಣಿಯ ಹೊಟ್ಟೆಯೊಳಗೆ ಇದ್ದರೆ ಇನ್ನೊಂದು ದೊಡ್ಡ ಅಪಾಯವಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕೂತುಬಿಡುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಅಂಥ ದೋಣಿಗಳಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಕಡಿಮೆಯೆಂದರೆ 4 ನಿಮಿಷ ಫ್ಯಾನ್ ಓಡಿಸಿ ಆವಿ ಹೊರಗೆ ಹಾಕುವ ಕ್ರಮವಿದೆ. ಸ್ಟಾರ್ಟರ್, ಆಲ್ಟರ್ನೇಟರ್ ಮುಂತಾದವು ಕಿಡಿ ಹೊರಬಾರದ, ದೋಣಿಗೆಂದೇ ಮಾಡಿದವು ಆಗಿರಬೇಕು. ಹಣ ಉಳಿಸಲು ಕಾರಿನ ಬಿಡಿಭಾಗ ಹಾಕುವುದು ಜೀವದ ಜೊತೆ ಆಟ.

ನಾಡದೋಣಿಗೆ ದೊಡ್ಡ ಔಟ್‌ಬೋರ್ಡ್

ನಮ್ಮ ಸಂಘಗಳ ಮನೆಗಳಲ್ಲಿ ಹೆಚ್ಚಾಗಿ ಇರುವುದು ನಾಡದೋಣಿ, ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್. ಇಲ್ಲಿ ಊದುಗೊಳವೆಯ ಮಾತಿಲ್ಲ, ಸಣ್ಣ ಎಂಜಿನ್ ತೆಗೆದು ದೊಡ್ಡದು ಹಾಕುವ ಮಾತು. ಆದರೂ ಪಾಠ ಅದೇ.

ಮೊದಲನೆಯದು ಭಾರ. 9.9 ಎಚ್.ಪಿ.ಯ ಎರಡು ಸ್ಟ್ರೋಕ್ ಎಂಜಿನ್ ಸುಮಾರು 40 ಕೆ.ಜಿ. ಇದ್ದರೆ 25 ಎಚ್.ಪಿ.ಯದು 50 ಕೆ.ಜಿ.ಗೂ ಮೇಲೆ. ಭಾರ ಬೀಳುವುದು ದೋಣಿಯ ಹಿಂಬದಿಯ ಹಲಗೆಯ ಮೇಲೆ, ತಳ್ಳುವ ಒತ್ತಡವೂ ಅದರ ಮೇಲೆಯೇ. ಹಲಗೆ ಹಳತಾಗಿದ್ದರೆ, ಫೈಬರ್ ಒಳಗೆ ಮರ ಕುಂಬಾಗಿದ್ದರೆ ಬಿರುಕು ಬಿಡುತ್ತದೆ. ಹಿಂಬದಿ ತಗ್ಗಿದರೆ ಅಳಿವೆಬಾಗಿಲಿನಲ್ಲಿ ಹಿಂದಿನಿಂದ ಬಂದ ತೆರೆ ಸೀದಾ ಒಳಗೆ.

ಎರಡನೆಯದು ಕಾನೂನು. ನಮ್ಮ ರಾಜ್ಯದ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್.ಪಿ.ಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಈ ನಿಷೇಧ ಅನ್ವಯ. 10 ಎಚ್.ಪಿ. ಒಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಮಳೆಗಾಲದ ನಾಡದೋಣಿ ಮೀನಿಗೆ ಒಳ್ಳೆಯ ಕ್ರಯ ಸಿಗುವುದೂ ಆ ದಿನಗಳಲ್ಲೇ. 9.9 ತೆಗೆದು 25 ಹಾಕಿದ ಮನೆ ಆ ಎರಡು ತಿಂಗಳ ದುಡಿಮೆಯನ್ನು ಬಿಟ್ಟುಕೊಟ್ಟಂತೆ. ಕಂತು ಮಾತ್ರ ಜೂನ್‌ನಲ್ಲೂ ಬರುತ್ತದೆ, ಜುಲೈಯಲ್ಲೂ ಬರುತ್ತದೆ. ಪ್ರತಿ ವರ್ಷದ ಸರಕಾರಿ ಆದೇಶವನ್ನು ಮೀನುಗಾರಿಕಾ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಶಕ್ತಿ ಎರಡು ಪಾಲು, ವೇಗ ಎರಡು ಪಾಲಲ್ಲ

ಇದು ಈ ಪಾಠದ ಮುಖ್ಯ ಲೆಕ್ಕ. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಯ ವೇಗ ಎರಡು ಪಾಲಾಗಬೇಕಾದರೆ ಶಕ್ತಿ ಸುಮಾರು ಎಂಟು ಪಾಲು ಬೇಕು. ಶಕ್ತಿಯನ್ನು ಎರಡು ಪಾಲು ಮಾಡಿದರೆ ವೇಗ ಹೆಚ್ಚುವುದು ಸುಮಾರು ಕಾಲು ಪಾಲು ಮಾತ್ರ. ಹಗುರವಾದ, ತಳ ಚಪ್ಪಟೆಯಾದ ದೋಣಿ ನೀರಿನ ಮೇಲೆ ಎದ್ದು ಜಾರುತ್ತದೆ, ಅದರ ಲೆಕ್ಕ ಬೇರೆ. ಆದರೆ ಬಲೆ, ಮೀನು, ಜನ ತುಂಬಿದ ದೋಣಿ ಅಷ್ಟು ಸುಲಭದಲ್ಲಿ ಏಳುವುದಿಲ್ಲ.

ಒಂದು ಅಂದಾಜು ಮಾಡೋಣ. ಪೂರ್ತಿ ವೇಗದಲ್ಲಿ 10 ಎಚ್.ಪಿ. ಎಂಜಿನ್ ಗಂಟೆಗೆ 4 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ಓಡಿದರೆ 20 ಲೀಟರ್. 25 ಎಚ್.ಪಿ. ಎಂಜಿನ್ ಗಂಟೆಗೆ 10 ಲೀಟರ್. ಅದೇ ದೂರವನ್ನು ಅದು ಸುಮಾರು 3 ಗಂಟೆ 40 ನಿಮಿಷದಲ್ಲಿ ಮುಗಿಸುತ್ತದೆ. ಖರ್ಚು ಸುಮಾರು 37 ಲೀಟರ್. ಉಳಿದದ್ದು 1 ಗಂಟೆ 20 ನಿಮಿಷ, ಹೆಚ್ಚಿಗೆ ಸುಟ್ಟದ್ದು 17 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ದಿನಕ್ಕೆ 1,700 ರೂ. ತಿಂಗಳಿಗೆ 20 ದಿನ ಕಡಲಿಗೆ ಹೋದರೆ 34,000 ರೂ. ಸಾಲದ ಕಂತು ಇದಕ್ಕೆ ಸೇರಿಲ್ಲ! ಆ 1 ಗಂಟೆ 20 ನಿಮಿಷದಲ್ಲಿ ಅಷ್ಟು ಹಣದ ಮೀನು ಹೆಚ್ಚಿಗೆ ಸಿಗುತ್ತದೆಯೇ? ಸಿಗುವುದಾದರೆ ಸಾಲ ಕೊಡಬಹುದು. ಇಲ್ಲವಾದರೆ ಅದು ದುಡಿಮೆಯ ಸಾಲವಲ್ಲ, ಹುರುಪಿನ ಸಾಲ.

ಸಾಲ ಮಂಜೂರು ಮಾಡುವ ಮುಂಚೆ ಕೇಳಿ

ಅ. ಹೊಸ ಎಂಜಿನ್ ಎಷ್ಟು ಎಚ್.ಪಿ.? ಮಳೆಗಾಲದ ವಿನಾಯಿತಿ ಉಳಿಯುತ್ತದೆಯೇ?

ಆ. ದೋಣಿ ಕಟ್ಟಿದವರು ಅಥವಾ ಅನುಭವಿ ಮೇಸ್ತ್ರಿ ಹಿಂಬದಿಯ ಹಲಗೆ ನೋಡಿ ಒಪ್ಪಿದ್ದಾರೆಯೇ?

ಇ. ಅಂದಾಜು ಪಟ್ಟಿಯಲ್ಲಿ ಪ್ರೊಪೆಲ್ಲರ್, ಫಿಟ್ಟಿಂಗ್, ರಿಪೇರಿ, ಹೆಚ್ಚಿನ ಎಣ್ಣೆ ಸೇರಿದೆಯೇ, ಅಥವಾ ಎಂಜಿನ್ ಕ್ರಯ ಮಾತ್ರವೇ?

ಈ. ದೋಣಿಯ ನೋಂದಣಿಯಲ್ಲಿ, ಲೈಸೆನ್ಸಿನಲ್ಲಿ, ವಿಮೆಯಲ್ಲಿ ಹೊಸ ಎಂಜಿನ್ ವಿವರ ಬರೆಸುತ್ತಾರೆಯೇ?

ಉ. ದೋಣಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ? ಇಲ್ಲದಿದ್ದರೆ ಅದರ ಹಣವನ್ನೂ ಇದೇ ಸಾಲದಲ್ಲಿ ಸೇರಿಸಿ.

ಊ. ಔಟ್‌ಬೋರ್ಡ್‌ನ ಸ್ಟಾಪ್ ಸ್ವಿಚ್ ಹಗ್ಗವನ್ನು ಓಡಿಸುವವರು ಕೈಗೆ ಕಟ್ಟಿಕೊಳ್ಳುತ್ತಾರೆಯೇ? ಆಯತಪ್ಪಿ ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲುತ್ತದೆ. ಹಗ್ಗ ಇಲ್ಲದಿದ್ದರೆ ದೋಣಿ ಸುತ್ತಿ ಬಂದು ಬಿದ್ದವರ ಮೇಲೆಯೇ ಹಾಯಬಹುದು. ಎಂಜಿನ್ ಬಲ ಹೆಚ್ಚಾದಷ್ಟೂ ಈ ಸಣ್ಣ ಹಗ್ಗದ ಬೆಲೆ ಹೆಚ್ಚು.

ಪ್ರಶ್ನೆ ಕೇಳಿದರೆ ನೆರೆಮನೆಯವರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. "ಅಕ್ಕ, ನಿಮ್ಮ ಮೇಲೆ ನಂಬಿಕೆ ಇಲ್ಲದೆ ಅಲ್ಲ, ನಿಮ್ಮ ಮನೆಯವರು ಕ್ಷೇಮವಾಗಿ ದಡ ಸೇರಲಿ ಅಂತ" ಎಂದು ಹೇಳಿ ಕೇಳಿ. ಉತ್ತರಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಸಾಧ್ಯವಾದರೆ ಅರ್ಜಿದಾರಳ ಗಂಡನನ್ನೋ ಮಗನನ್ನೋ ಸಭೆಗೆ ಕರೆದು ಅವರ ಬಾಯಿಂದಲೇ ಲೆಕ್ಕ ಕೇಳಿ.

ಪ್ರತಿ ಮನೆಯ ಗೋಡೆಯಲ್ಲಿ ಎರಡು ನಂಬರ್ ಬರೆದಿಡಿ: ಕಡಲಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಿಂದ ಈ ತನಕ ಎಂಜಿನ್‌ಗೆ ಕೊಟ್ಟ ಸಾಲಗಳೆಷ್ಟು? ಅವುಗಳಲ್ಲಿ ಎಷ್ಟು ಕಂತು ಸರಿಯಾಗಿ ಬಂದಿವೆ?

2. ನಮ್ಮ ಮನೆಯ ದೋಣಿ ಒಂದು ದಿನಕ್ಕೆ ಎಷ್ಟು ಲೀಟರ್ ಎಣ್ಣೆ ಸುಡುತ್ತದೆ? ನಮಗೆ ಗೊತ್ತಿದೆಯೇ? ಒಂದು ವಾರ ಬರೆದಿಟ್ಟು ಮುಂದಿನ ಸಭೆಗೆ ತನ್ನಿ.

3. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಎಂಜಿನ್ ಸಾಲ ಕೊಡುವುದಿಲ್ಲ ಎಂದು ನಿರ್ಣಯ ಮಾಡೋಣವೇ?