ಹಳೆ ಲ್ಯಾಪ್‌ಟಾಪಿಗೊಂದು ಮರಗಸಿ

ಆಲ್ದೂರು

ಚಿ॥ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಣ್ಣ ಓದು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪು ಆನ್ ಆಗುವಷ್ಟರಲ್ಲಿ ಕಾಫಿ ಕಾಯಿಸಿ, ಕುಡಿದು, ಲೋಟ ತೊಳೆದಿಡಬಹುದು ಅಂತ ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ಹೊಸದು ಕೊಡಿಸಿ ಅಂತ ಅಪ್ಪನನ್ನು ಕೇಳೋಕೆ ಮನಸ್ಸು ಬರ್ತಿಲ್ಲ ಅಂತಲೂ ಹೇಳಿದೆ. ಆ ಎರಡನೇ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಅದಕ್ಕೇ ಈ ಕಾಗದ.

ಆ ಯಂತ್ರ ಕೆಟ್ಟಿಲ್ಲ ಮಗಳೇ, ಹೊರೆ ಹೆಚ್ಚಾಗಿದೆ ಅಷ್ಟೆ. ಅದರಲ್ಲಿರುವುದು 2 ಜಿಬಿ ರ‍್ಯಾಮ್. ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ವಿಂಡೋಸ್ ಬಿಟ್ಟು ಲಿನಕ್ಸ್ ಹಾಕೋಣ. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಕೂತಾಗ ಅವನ ಕಂಪ್ಯೂಟರಿನಲ್ಲಿದ್ದದ್ದು 4 ಎಂಬಿ. ನಿನ್ನದರಲ್ಲಿ ಅದರ ಐನೂರು ಪಟ್ಟು ಇದೆ.

ತೋಟದಲ್ಲಿ ರೈಟರಾಗಿದ್ದಾಗ ಪ್ರತಿವರ್ಷ ಮಳೆಗೆ ಮುಂಚೆ ಮರಗಸಿ ಮಾಡಿಸುತ್ತಿದ್ದೆ. ಮರ ಕಡಿಯುವುದಲ್ಲ, ಕಾಫಿ ಗಿಡಕ್ಕೆ ಬೆಳಕು ಬೀಳುವಷ್ಟು ಕೊಂಬೆ ಸವರುವುದು. ಲಿನಕ್ಸ್‌ನಲ್ಲೂ ಡೆಸ್ಕ್‌ಟಾಪನ್ನು ನಾವೇ ಆರಿಸಿಕೊಳ್ಳಬಹುದು. ಗ್ನೋಮ್ ದಟ್ಟ ನೆರಳಿನ ಮರ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಚೆನ್ನಾಗಿ ಸವರಿದ ಮರಗಳು. 4 ಜಿಬಿ ಇದ್ದಿದ್ದರೆ ಕಣ್ಣುಮುಚ್ಚಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಹಾಕು ಅನ್ನುತ್ತಿದ್ದೆ. ಒಂದೇ ಜಿಬಿ ಇದ್ದಿದ್ದರೆ ಆಂಟಿಎಕ್ಸ್. ನಿನ್ನದಕ್ಕೆ ಡೆಬಿಯನ್, ಎಲ್‌ಎಕ್ಸ್‌ಕ್ಯೂಟಿ ಜೊತೆಗೆ. ಲುಬುಂಟು ಕೂಡ ಹಗುರವೇ. ಆದರೆ ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತದೆ, ಹಳೆ ಯಂತ್ರದಲ್ಲಿ ತೆರೆದುಕೊಳ್ಳಲು ತಡವಾಗುತ್ತದೆ. ಹಾಕುವ ಮೊದಲು ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ನೋಡಿಕೋ. 2025ರಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಯಂತ್ರಗಳಿಗೆ ಸಿಗುವುದಿಲ್ಲ.

ನಮ್ಮ ಮನೆಯ ನೆಟ್‌ವರ್ಕ್ ನಂಬಿ ಡೌನ್‌ಲೋಡಿಗೆ ಕೂರಬೇಡ. ಚಿಕ್ಕಮಗಳೂರಿನಲ್ಲೇ ಡೆಬಿಯನ್‌ನ ಲೈವ್ ಐಎಸ್‌ಒ ಕಡತ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್12 ಅಥವಾ ಎಸ್ಕೇಪ್ ಒತ್ತುತ್ತಿದ್ದರೆ ಬೂಟ್ ಪಟ್ಟಿ ಬರಬಹುದು, ಕಂಪನಿಗೊಂದು ಕೀ. ಪೆನ್‌ಡ್ರೈವಿನಿಂದಲೇ ಲೈವ್ ಆಗಿ ತೆರೆದಾಗ ಹಾರ್ಡ್‌ಡಿಸ್ಕನ್ನು ಅದು ಮುಟ್ಟುವುದಿಲ್ಲ. ವೈಫೈ, ಸ್ಪೀಕರ್, ಟಚ್‌ಪ್ಯಾಡ್ ಎಲ್ಲ ನಡೆಯುತ್ತವೆಯೇ ಅಂತ ಒಂದು ದಿನ ಪೂರ್ತಿ ಬಳಸಿ ನೋಡು.

ಇನ್‌ಸ್ಟಾಲ್ ಒತ್ತುವ ಮೊದಲು ನಿಲ್ಲು. ಇಲ್ಲಿ ನಾನು ಎಡವಿದ್ದೇನೆ. ಹನ್ನೆರಡು ವರ್ಷದ ಮಳೆ ಲೆಕ್ಕವನ್ನು, ಇಂಚು ಸೆಂಟ್ಸಿನಲ್ಲಿ, ದಿನದಿನದ್ದೂ ಕಂಪ್ಯೂಟರಿಗೆ ಹತ್ತಿಸಿಟ್ಟಿದ್ದೆ. ಡಿಸ್ಕ್ ಅಳಿಸಲೇ ಅಂತ ಅದು ಕೇಳಿತು, ಓದದೇ ಹೂಂ ಅಂದೆ. ಎರಡು ನಿಮಿಷದಲ್ಲಿ ಎಲ್ಲ ಹೋಯಿತು. ನಿನ್ನ ದೊಡ್ಡಮ್ಮ ಅಟ್ಟದ ಮೇಲೆ ಹಳೆ ನೋಟುಬುಕ್ಕುಗಳನ್ನು ಜೋಪಾನ ಮಾಡಿಟ್ಟಿದ್ದಳು, ಅದರಿಂದ ಬದುಕಿದೆ. ಆ ಲ್ಯಾಪ್‌ಟಾಪಿನಲ್ಲಿ ಅಣ್ಣನ ಫೋಟೋಗಳಿವೆ, ಅಜ್ಜಿಯ ಕೊನೆಯ ಯುಗಾದಿಯದ್ದೂ ಇರಬೇಕು. ಎರಡು ಕಡೆ ಕಾಪಿ ಮಾಡಿಟ್ಟುಕೊಂಡು, ತೆರೆದು ನೋಡಿ, ಆಮೇಲೆ ಮುಂದುವರಿ.

ಕರೆಂಟ್ ಹೋಗಿ ಬಂದ ಮೇಲೆ ಯಾವ ವೆಬ್‌ಸೈಟೂ ತೆರೆಯದೆ, ಸರ್ಟಿಫಿಕೇಟ್ ಸರಿಯಿಲ್ಲ ಅಂದರೆ ಹೆದರಬೇಡ, ಮೊದಲು ದಿನಾಂಕ ನೋಡು. ಒಳಗಿರುವ ನಾಣ್ಯದಂಥ ಸಣ್ಣ ಸೆಲ್ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ. ಈ ಚಿಕ್ಕ ಸಂಗತಿ ಗೊತ್ತಿಲ್ಲದೆ ನಾನು ಮೂರು ಸಂಜೆ ಕಳೆದೆ.

ಮೆಮೊರಿಯನ್ನು ಹೆಚ್ಚು ತಿನ್ನುವುದು ಬ್ರೌಸರು. ನಾಲ್ಕೈದು ಟ್ಯಾಬಿಗಿಂತ ಹೆಚ್ಚು ತೆರೆಯಬೇಡ. ಜಡ್‌ರ‍್ಯಾಮ್ ಹಾಕಿಕೋ. ಟ್ರಂಕಿಗೆ ಬಟ್ಟೆ ಒತ್ತಿ ತುಂಬಿದ ಹಾಗೆ ಅದು ರ‍್ಯಾಮಿನೊಳಗಿದ್ದುದನ್ನೇ ಒತ್ತಿ ಜಾಗ ಮಾಡುತ್ತದೆ. ಕೈಗೆ ದುಡ್ಡು ಬಂದಾಗ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸು. ನನ್ನ ಅನುಭವದಲ್ಲಿ ಇನ್ಯಾವ ಖರ್ಚೂ ಇಷ್ಟು ಪ್ರಯೋಜನ ಕೊಟ್ಟಿಲ್ಲ.

ಇನ್ನು ಕನ್ನಡ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ವ್ಯರ್ಥವಾಗುವುದಿಲ್ಲ. ಲಿನಕ್ಸ್‌ನಲ್ಲಿ ಟೈಪಿಸಲು ಐಬಸ್ ಇದೆ, ಅದರಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೋ, ಕೆ.ಪಿ. ರಾವ್ ರೂಪಿಸಿದ ಅದೇ ವಿನ್ಯಾಸ. ಗುಬ್ಬಿ, ನವಿಲು ಅನ್ನುವ ಎರಡು ಅಕ್ಷರಶೈಲಿಗಳೂ ಡೆಬಿಯನ್‌ನಲ್ಲಿವೆ, ಬಿಟ್ಟಿ. ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರಿನ ಕನ್ನಡಕ್ಕಾಗಿ ಹಟ ಹಿಡಿದ ಸಾಹಿತಿ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ನಿನ್ನ ಮೊದಲ ಕನ್ನಡ ಕಡತ ಬರೆದಾಗ ಅವರನ್ನು ನೆನೆಸಿಕೋ ಅಂತ ನನ್ನ ಆಸೆ.

ಭಾನುವಾರ ಪೆನ್‌ಡ್ರೈವ್ ತೆಗೆದುಕೊಂಡು ಬಾ, ಇಬ್ಬರೂ ಕೂತು ಮಾಡೋಣ. ದೊಡ್ಡಮ್ಮ ಕಡುಬು ಮಾಡುತ್ತಾಳಂತೆ. ನಿನ್ನೆಯ ಮಳೆ ಎರಡು ಇಂಚು ಹತ್ತು ಸೆಂಟ್ಸ್. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಕೊಂಡೇ ಬಾ.

ನಿನ್ನ
ದೊಡ್ಡಪ್ಪ